ಹಂಚಿಕೊಂಡ ಮಾತ್ರೆ

ಮಹಾಲ್, ನಾಗಪುರ
೧೨-೮-೧೯೯೮

ಡಾಕ್ಟರ್ ರಘೋತ್ತಮ ಅವರಿಗೆ ನಮಸ್ಕಾರ.

ನೀವು ಧಾರವಾಡದವರೆಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮಂಡಿನೋವಿನ ನಿಮ್ಮ ಸಂಶೋಧನೆಯಲ್ಲಿ ಅರ್ಧ ಜನರಿಗೆ ಹೊಸ ಔಷಧ, ಉಳಿದವರಿಗೆ ಬರೀ ಹಿಟ್ಟಿನ ಮಾತ್ರೆ, ಯಾರಿಗೆ ಯಾವುದೆಂದು ನಿಮಗೂ ಗೊತ್ತಿಲ್ಲ ಎಂದಿರಿ. ಕೊಡುವವರಿಗೇ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ?

ಅದಕ್ಕೇ ನಾನೂ ಎದುರುಮನೆಯ ಶಾಂತಕ್ಕನೂ, ನಿಮ್ಮ ಸಂಶೋಧನೆಗೆ ಸೇರಿರುವ ನಮ್ಮ ಯಜಮಾನರುಗಳ ಮಾತ್ರೆಗಳನ್ನು ಅರ್ಧರ್ಧ ಹಂಚಿಕೊಂಡೆವು. ಯಾರಿಗೂ ಮೋಸವಾಗದಿರಲಿ ಎಂದು.

ಈಗ ಶಾಂತಕ್ಕನ ಯಜಮಾನರು ಸರಸರನೆ ಮೆಟ್ಟಿಲು ಹತ್ತುತ್ತಾರೆ. ನಮ್ಮವರಿಗೆ ಗೋಡೆ ಹಿಡಿಯದೆ ಏಳಲಾಗುವುದಿಲ್ಲ. ಕೇಳಿದರೆ ಶಾಂತಕ್ಕ, "ದೇವರಾಣಿ, ಬರೋಬರ್ ಅರ್ಧಾ ಕೊಟ್ಟೇನ್ರಿ" ಎನ್ನುತ್ತಾಳೆ. ಅಷ್ಟಕ್ಕೆ ಆಣೆ ಯಾಕೆ ಬೇಕಿತ್ತು?

ನಿಜವಾದ ಔಷಧ ಯಾರ ಡಬ್ಬಿಯಲ್ಲಿದೆಯೆಂದು ದಯವಿಟ್ಟು ತಿಳಿಸಿ. ನಮ್ಮದರಲ್ಲೇ ಇದ್ದರೆ ಶಾಂತಕ್ಕನಿಗೆ ಮಾತ್ರ ಹೇಳಬೇಡಿ.

ಇಂತಿ,
ಕಲಾವತಿ