ಲ್ಯಾವೆಂಡರ್‌ಗೆ ನೀರು ಹಾಕಬೇಡ

ಅನೆಜಿನಾ,

ಬೆಳಗಿನ ಹಡಗಿಗೆ ಅಥೆನ್ಸ್‌ಗೆ ಹೊರಟೆ. ನಿನ್ನನ್ನು ಎಬ್ಬಿಸಲಿಲ್ಲ. ಎಬ್ಬಿಸಿದರೆ ನೀನೂ ಬರುತ್ತೇನೆ ಎನ್ನುತ್ತೀಯ. ಹಡಗಿನಲ್ಲಿ ನಿನ್ನ ವಾಂತಿ ನೋಡಿಕೊಳ್ಳುವಷ್ಟು ಶಕ್ತಿ ನನ್ನ ಹೃದಯಕ್ಕಿಲ್ಲ. ಬಂದರಿಗೆ ಮಗಳು ಬರುತ್ತಾಳೆ. ಆಪರೇಷನ್ ಗುರುವಾರ.

ಟೊಮೆಟೊಗೆ ಸಂಜೆ ಬುಡಕ್ಕಷ್ಟೇ ನೀರು ಹಾಕು. ನಿಂಬೆಗೆ ವಾರಕ್ಕೆ ಎರಡು ಬಕೆಟ್ ಸಾಕು. ಲ್ಯಾವೆಂಡರ್‌ಗೆ ಒಂದು ಹನಿಯೂ ಬೇಡ. ಆಗಸ್ಟ್‌ನಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗಿದರೆ ಸತ್ತಿದೆ ಎಂದಲ್ಲ, ಆರಾಮಾಗಿದೆ ಎಂದರ್ಥ.

ಮೂರು ವರ್ಷದ ಹಿಂದೆ ಅಣ್ಣನ ಮಣ್ಣಿಗೆಂದು ನಾನು ಹತ್ತು ದಿನ ಪಾತ್ರಾಸ್‌ಗೆ ಹೋದಾಗ, ನೀನು ದಿನಕ್ಕೆರಡು ಸಲ ನೀರು ಹಾಕಿ ಹನ್ನೊಂದು ಲ್ಯಾವೆಂಡರ್ ಗಿಡಗಳ ಬೇರು ಕೊಳೆಸಿದೆ. ಅಂದಿನಿಂದ ಅದನ್ನೇ ಹೇಳಿ ನಿನ್ನ ತಲೆ ತಿಂದಿದ್ದೇನೆ.

ನಿನ್ನೆ ಪಕ್ಕದ ಮನೆಯ ಫೋತಿನಿ ಸಿಕ್ಕಿದ್ದಳು. ಅಂದು ನೀನು ನೀರು ಹಾಕುತ್ತಿದ್ದಾಗ ಅವಳು ಗೋಡೆಯಾಚೆಯಿಂದ, "ಏನೇ, ಭತ್ತ ನಾಟಿ ಮಾಡ್ತಿದ್ದೀಯಾ?" ಎಂದು ಕೇಳಿದಳಂತೆ. ನೀನು, "ಅವರಿಲ್ದೆ ಮನೆ ಬಿಕೋ ಅಂತಿದೆ ಕಣೇ. ಅವರು ನೆಟ್ಟಿದ್ದನ್ನಾದ್ರೂ ಚೆನ್ನಾಗಿ ನೋಡ್ಕೊಳ್ತೀನಿ" ಎಂದೆಯಂತೆ.

ಇದನ್ನು ನನಗೆ ಹೇಳಬಾರದಿತ್ತೇ? ಹನ್ನೊಂದರಲ್ಲಿ ನಾಲ್ಕು ಗಿಡಗಳನ್ನಾದರೂ ಕ್ಷಮಿಸುತ್ತಿದ್ದೆ.

ಒಲೆಯ ಮೇಲೆ ಬೀನ್ಸ್ ಇದೆ. ಉಪ್ಪು ಕಡಿಮೆ, ಡಾಕ್ಟರನ್ನು ಬೈದುಕೊ, ನನ್ನನ್ನಲ್ಲ.

ಈ ಸಲ ಮನೆ ಬಿಕೋ ಎಂದರೆ ನೀರಿನ ಪೈಪು ಮುಟ್ಟಬೇಡ, ಫೋನ್ ಮಾಡು. ಭಾನುವಾರದಿಂದ ನಾನೇ ಎತ್ತುತ್ತೇನೆ.

ಎತ್ತಲು ನಾನೇ ಇಲ್ಲದೆ ಹೋದರೆ, ಲ್ಯಾವೆಂಡರ್‌ಗೆ ನಿನಗೆ ಸಮಾಧಾನವಾಗುವಷ್ಟು ನೀರು ಹಾಕು.

ಸ್ತ್ರಾತಿಸ್