ನಾಲ್ಕು ಮೀಟರಿನ ಮೇಲಿನ ಮೂರು ಅಳತೆ

ಹಿರೇಹೊಂಡ ಕೆರೆಯ ಏರಿ,
ಸೆಪ್ಟೆಂಬರ್ ಮೂವತ್ತೊಂದು, 2153

ಪ್ರೀತಿಯ ನೀಲಾಂಬಿಕಾ,

ತಾರೀಖು ನೋಡಿ ನಗಬೇಡವ್ವ. ನಮ್ಮ ಕಾಲಕ್ಕೆ ಸೆಪ್ಟೆಂಬರಿಗೂ ಒಂದು ದಿನ ಹೆಚ್ಚಿಗೆ ಕೊಟ್ಟಿದ್ದಾರೆ. ನೀನು ನನ್ನ ಮುತ್ತಜ್ಜಿ. ಆದರೆ ಈ ಕಾಗದ ಓದುವಾಗ ನಿನಗೆ ಇಪ್ಪತ್ತೊಂದು, ನನಗೆ ಎಪ್ಪತ್ತೊಂದು, ಅದಕ್ಕೇ ಏಕವಚನ. ನಮ್ಮ ಕಾಲದ ಅಂಚೆ ಹಿಂದಿನ ಕಾಲಕ್ಕೂ ಕಾಗದ ಒಯ್ಯುತ್ತೆ, ಉತ್ತರ ಮಾತ್ರ ತರೋದಿಲ್ಲ. ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ.

ನಾನು ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಪ್ರೋಗ್ರಾಂ ಬರೆಯೋದು ಕಲಿತದ್ದು ನಿನ್ನ ಟ್ರಂಕಿನಲ್ಲಿ ಉಳಿದಿದ್ದ ನೋಟ್ಸಿನಿಂದ. ಜೊತೆಗೆ ನಿನ್ನ ಇಂಟರ್ನ್‌ಶಿಪ್ ಡೈರಿಯೂ ಇತ್ತು, ಕೇಳದೆ ಓದಿದೆ. ಆರನೇ ಸೆಮಿಸ್ಟರಿನ ರಜೆಯಲ್ಲಿ ನೀನು ಈ ಕೆರೆಗೇ ಬಂದದ್ದು, ತೂಬಿನ ಗೇಟನ್ನು ತಾನಾಗಿ ತೆರೆಸುವ ಪ್ರೋಗ್ರಾಮಿಗೆ ಅಳತೆಯ ಪಟ್ಟಿ ತುಂಬಿಸುವ ಕೆಲಸ ನಿನ್ನ ಪಾಲಿಗೆ ಬಂದದ್ದು, ಎಲ್ಲ ಗೊತ್ತು. ನೀರಲ್ಲಿ ಮುಳುಗಿಸಿದ ಆ ಸೆನ್ಸರನ್ನು ನಾವೀಗ ನೀರ್ಗಣ್ಣು ಅಂತೀವಿ. ಕೋಲಿನಿಂದ ನೀರಿನ ಎತ್ತರ ನೋಡೋದು, ಅದೇ ಹೊತ್ತಿಗೆ ನೀರ್ಗಣ್ಣು ಏನು ಹೇಳುತ್ತೆ ಅಂತ ಪಕ್ಕದಲ್ಲಿ ಬರೆಯೋದು, ಇಷ್ಟೇ ಕೆಲಸ. ಆ ವರ್ಷ ಕೆರೆಯಲ್ಲಿ ನೀರಿದ್ದದ್ದೇ ನಾಲ್ಕು ಮೀಟರ್. ಪಟ್ಟಿಯಲ್ಲಿ ಅದರ ಮೇಲೆ ಇನ್ನೂ ಮೂರು ಮನೆ ಖಾಲಿ.

ಆಗ ನಿನ್ನ ಲ್ಯಾಬಿನ ಅಭ್ಯಾಸ ಕೈ ಹಿಡಿಯಿತು. ಗ್ರಾಫ್ ನೆಟ್ಟಗೆ ಬರದಿದ್ದರೆ ರೆಕಾರ್ಡಿಗೆ ಸಹಿ ಬೀಳೋದಿಲ್ಲ ಅಂತ ಮೂರು ವರ್ಷ ನೀವೆಲ್ಲ ಮೊದಲು ಗೆರೆ ಎಳೆದು, ಆಮೇಲೆ ಅದರ ಮೇಲೆ ಚುಕ್ಕಿ ಇಟ್ಟವರು. ಜೊತೆಗಿದ್ದ ಫರ್ಹಾನಾ ಅಂದದ್ದನ್ನೂ ಬರೆದಿದ್ದೀಯ: “ಏ ನೀಲಿ, ನೀರಿಗೇನು ನಮ್ಮ ಸಿಲಬಸ್ ಗೊತ್ತಾ? ಗೆರೆ ಮುಂದಕ್ಕೆ ಎಳಿಯೇ, ಚುಕ್ಕಿ ತಾವೇ ಬಂದು ಕೂರ್ತಾವೆ.” ನೀನು ಎಳೆದೆ, ಖಾಲಿ ಇದ್ದ ಮೂರು ಮನೆಯನ್ನೂ ಆ ಗೆರೆ ನೋಡಿಯೇ ತುಂಬಿಸಿದೆ. ಡೈರಿಯ ಕೊನೆಯ ಸಾಲು: “ಶುಕ್ರವಾರ ಪ್ರೆಸೆಂಟೇಶನ್. ಲೋಕೇಶಪ್ಪ ಸರ್‌ಗೆ ಹೇಳ್ಲಾ, ಬೇಡ್ವಾ?” ಮುಂದಿನ ಪುಟಗಳೆಲ್ಲ ಖಾಲಿ.

ಹೇಳಲಿಲ್ಲ ಅಂತ ನನಗೆ ಗೊತ್ತು, ಯಾಕೆಂದರೆ ಪಟ್ಟಿ ಇಲ್ಲೇ ಇದೆ. ಗೇಟು ಏಳು ಸಲ ಬದಲಾಯಿತು, ಪ್ರೋಗ್ರಾಂ ಎಷ್ಟು ಸಲವೋ. ಪಟ್ಟಿ ಮಾತ್ರ ಒಂದರಿಂದ ಇನ್ನೊಂದಕ್ಕೆ ಹಾಗೇ ನಕಲಾಗುತ್ತ ಬಂತು. ನೂರಾ ಇಪ್ಪತ್ತಾರು ವರ್ಷ ಕೆರೆ ನಾಲ್ಕು ಮೀಟರ್ ದಾಟಲೂ ಇಲ್ಲ, ಪಟ್ಟಿಯನ್ನು ಯಾರೂ ಪ್ರಶ್ನಿಸಲೂ ಇಲ್ಲ. ಹೋದ ವರ್ಷ ದಾಟಿತು. ಗೇಟು ತೆರೆಯಬೇಕಾದ ಐದು ಮೀಟರಿಗೆ ನೀರು ಬಂದಿದ್ದರೂ ನಿನ್ನ ನೆಟ್ಟನೆಯ ಗೆರೆ ನಂಬಿದ ಯಂತ್ರ ನಾಲ್ಕೂವರೆ ಅಂದುಕೊಂಡು ಗೇಟು ಮುಚ್ಚಿಕೊಂಡೇ ಕೂತಿತ್ತು. ನೀರು ಕೆರೆಯ ಏರಿಯನ್ನೇ ದಾಟಿ ಕೆಳಗಿನ ಕೇರಿಗೆ ನುಗ್ಗಿತು. ಮಕ್ಕಳನ್ನು ಶಾಲೆಯ ಮಾಳಿಗೆ ಮೇಲೆ ಹತ್ತಿಸಿ ಉಳಿಸಿಕೊಂಡೆವು. ಮೇಷ್ಟ್ರು ಹನುಮಂತಪ್ಪ ಉಳಿಯಲಿಲ್ಲ.

ನಿನ್ನ ಕಣ್ಣಲ್ಲಿ ನೀರು ತರಿಸೋದಕ್ಕೆ ಇದನ್ನು ಬರೆದದ್ದಲ್ಲ ಮಗಾ. ನಿನ್ನ ವಯಸ್ಸಿನಲ್ಲಿ ನಾನಾದರೂ ಅದನ್ನೇ ಮಾಡುತ್ತಿದ್ದೆ. ಆದರೆ ಶುಕ್ರವಾರಕ್ಕೆ ನಿನಗಿನ್ನೂ ಎರಡು ದಿನ ಇದೆ. ಬೆಳಿಗ್ಗೆ ಹೋಗು, ಆ ಮೂರು ಮನೆ ಅಳಿಸು, “ಅಳತೆ ತೆಗೆದಿಲ್ಲ” ಅಂತ ಬರೆ. ಅಳತೆ ಇಲ್ಲದ ಮನೆ ಕಂಡರೆ ಯಂತ್ರ ತಾನೇ ನಿಂತು ಮನುಷ್ಯರನ್ನು ಕರೆಯುತ್ತೆ. ಪ್ರೋಗ್ರಾಮಿಗೆ ಆ ಒಂದು ಸಾಲು ಸೇರಿಸಿದವಳೂ ನೀನೇ, ನಿನ್ನ ನೋಟ್ಸಿನಲ್ಲಿ ನೋಡಿದೆ. ಲೋಕೇಶಪ್ಪ ಬೈದರೆ ಬೈಸಿಕೋ. ಸರ್ಟಿಫಿಕೇಟ್ ಕೊಡದಿದ್ದರೆ ಬರುವ ವರ್ಷ ಇನ್ನೊಂದು ಕಡೆ ಮಾಡು.

ಒಂದು ಕಡೆ ಕೂತು ಬರೆಯೋದಕ್ಕೆ ಆಗುತ್ತಿಲ್ಲ, ಐದು ಸಲ ಎದ್ದು ತೂಬಿನ ತನಕ ಹೋಗಿ ಬಂದೆ. ಮೂರು ದಿನದಿಂದ ಕೆರೆಯ ಮೇಲ್ಗಡೆಯಲ್ಲಿ ಮಳೆ. ಹೋದ ವರ್ಷದ ನಂತರ ಕೆರೆ ತುಂಬುತ್ತಿರೋದು ಇದೇ ಮೊದಲು. ನಾಲ್ಕರ ಮೇಲಿನ ಅಳತೆ ತೆಗೆಯೋದಕ್ಕೆ ಆಗೋದೂ ಈಗಲೇ. ಗೇಟನ್ನು ಯಂತ್ರದಿಂದ ಬಿಡಿಸಿ ಕೈಗೆ ತಗೊಂಡಿದ್ದೇವೆ. ಮೊಮ್ಮಗಳು ಇಳಾ ತೂಬಿನ ಮೇಲಿಂದ ಕೂಗುತ್ತಿದ್ದಾಳೆ: “ಅಜ್ಜೀ, ನಾಲ್ಕು ದಾಟ್ತು! ಬರೀತೀಯೋ, ಬರ್ತೀಯೋ?”

ಹೊರಟೆ. ನಿನ್ನ ಶುಕ್ರವಾರ ಏನಾಗುತ್ತೋ ನನಗೆ ತಿಳಿಯೋದಿಲ್ಲ. ಕೋಲು ಹಿಡಿಯೋದಕ್ಕೆ ಇಲ್ಲಿ ನಾನಿದ್ದೀನಿ.

ನಿನ್ನ ಮರಿಮಗಳು,
ಗೌರಮ್ಮ