ಒಂದು ಕಿವಿ ನೀರಿನಲ್ಲಿ

ಬೇಮಳಖೇಡ
ಬುಧವಾರ, 14 ಮೇ 2025

ಪ್ರಣಿತಾಳ ಪಪ್ಪನವರಿಗೆ,

ಜೈಭೀಮ್. ಮಲಗುವ ಮುಂಚೆ ನನಗೆ ನಾನೇ ನಾಲ್ಕು ಸಾಲು ಬರೆದುಕೊಳ್ಳುವುದು ರೂಢಿ. ಇನ್ನೊಬ್ಬರು ಓದಲೆಂದು ಬರೆಯುವುದು ನನಗೆ ಸರಿಯಾಗಿ ಬಾರದು. ಫೋನಿನಲ್ಲಿ ನೀರಿನ ಮಾತು ಬಂದ ಕೂಡಲೇ ನೀವು ಕಟ್ ಮಾಡುತ್ತೀರಿ. ಅದಕ್ಕೇ ಇದನ್ನು ಉತ್ತಮನ ಕೈಯಲ್ಲಿ ಹುಮನಾಬಾದಿಗೆ ಕಳಿಸುತ್ತಿದ್ದೇನೆ. ಪೂರ್ತಿ ಓದಿರಿ.

ಸೋಮವಾರ ನಿಮ್ಮ ತಮ್ಮ ಉತ್ತಮ ಬಾಗಿಲಲ್ಲೇ ನಿಂತು ಹೇಳಿದ: “ಅಣ್ಣ ಅಂದಾನ್ರಿ ವೈನಿ, ಈ ಐತವಾರದಿಂದ ಪ್ರಣಿತಾನ ಈಜು ಬಂದ್. ನೀರಿಗಿ ಒಬ್ಬನ್ನ ಕೊಟ್ಟದ್ದು ಸಾಲಂಗಿಲ್ಲೇನು ಅಂತ ಕೇಳು ಅಂದಾನ.” ಹೇಳಿ ಅವನೇ ಅತ್ತುಬಿಟ್ಟ. ಚಹಾ ಮಾಡಿಕೊಟ್ಟೆ. ನನಗೆ ಅಳುವ ತ್ರಾಣವೂ ಇರಲಿಲ್ಲ. ದಿನವಿಡೀ ಬಿಸಿಲಲ್ಲಿ ತೊಗರಿ ಕೂಳೆ ಆರಿಸಿ ಬಂದಿದ್ದೆ.

ಶೈಲೇಶ ಹೋಗಿ ಎರಡು ಬೇಸಿಗೆಯಾಯಿತು. ಈಜು ಬರುತ್ತಿದ್ದ ಮಗ. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ಊರ ಹೊರಗಿನ ಬಾವಿಯಲ್ಲಿ ನೀವೇ ಕಲಿಸಿದ್ದಿರಿ. ಅದೇ ಬಾವಿಯಲ್ಲಿ ಹೋದ. ನೀವು ಹುಮನಾಬಾದಿನ ಔಷಧ ಕಾರ್ಖಾನೆಯ ಕೆಲಸ ಹಿಡಿದು ಅಲ್ಲೇ ಬಾಡಿಗೆ ಖೋಲಿ ಮಾಡಿಕೊಂಡಿರಿ. ನಾನು ದಿನಾ ಆ ಬಾವಿಯ ದಾರಿಯಲ್ಲೇ ಕೂಲಿಗೆ ಹೋಗುತ್ತೇನೆ, ಮಗಳು ಶಾಲೆಗೆ ಹೋಗುತ್ತಾಳೆ. ನೀರನ್ನು ತಪ್ಪಿಸಿ ಬದುಕುವ ದಾರಿ ನನಗೆ ಕಾಣಲಿಲ್ಲ. ಅದಕ್ಕೇ ಅವಳನ್ನು ಬಸವಕಲ್ಯಾಣದ ಈಜುಕೊಳಕ್ಕೆ ಹಚ್ಚಿದೆ.

ಅಲ್ಲಿ ತಹಸೀನ್ ಮೇಡಂ ಮೊದಲು ಕಲಿಸುವುದು ಕೈಕಾಲು ಬಡಿಯುವುದನ್ನಲ್ಲ, ಉಸಿರಾಡುವುದನ್ನು. ಮುಖ ನೀರಿನಲ್ಲಿದ್ದಾಗ ಉಸಿರು ಹಿಡಿಯಬಾರದು, ಗುಳ್ಳೆ ಗುಳ್ಳೆಯಾಗಿ ಬಿಡುತ್ತಿರಬೇಕು. ಕೈ ನೀರಿನಿಂದ ಮೇಲೇಳುವಾಗ ಭುಜದ ಸಂಗಡ ಮುಖ ಪಕ್ಕಕ್ಕೆ ಹೊರಳಬೇಕು. ಆಗಲೂ ಒಂದು ಕಿವಿ ನೀರಿನಲ್ಲೇ ಇರಬೇಕು. ಬಾಯಿಯ ಮೂಲೆಯಿಂದ ಒಂದು ಗುಟುಕು ಗಾಳಿ, ಮತ್ತೆ ಮುಖ ಕೆಳಗೆ. ಪ್ರಣಿತಾ ಮನೆಯಲ್ಲಿ ಬಕೆಟ್ಟಿಗೆ ಮುಖ ಹಾಕಿ ರೂಢಿ ಮಾಡುತ್ತಾಳೆ. ಮೊದಲ ಸಲ ನಾನು ಜಡೆ ಹಿಡಿದು ಎಳೆದುಬಿಟ್ಟಿದ್ದೆ.

ಕೈಕಾಲು ಚೆನ್ನಾಗಿಯೇ ಬಂದವು. ಆದರೆ ಉಸಿರಿಗೆ ಪ್ರತಿಸಲ ತಲೆಯನ್ನೇ ಎತ್ತುತ್ತಿದ್ದಳು. ಅರ್ಧಕ್ಕೆ ದಣಿದು ನಿಲ್ಲುತ್ತಿದ್ದಳು.

“ಅರೆ, ಎಮ್ಮಿ ಕೆರಿ ದಾಟಿದಂಗ ತಲಿ ಎತ್ತಾಕತ್ತೀಯಲ್ಲ!” ಎಂದು ಮೇಡಂ ಕೂಗಿದರು.

“ಎಮ್ಮಿ ಮುಳುಗಂಗಿಲ್ರಿ ಮೇಡಂ.”

“ಎಮ್ಮಿಗಿ ನಾಕು ಕಾಲು ಅದಾವ, ನಿನಗ ಎರಡೇ. ಮುಖ ಇಡು!”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಶೈಲೇಶ ಹೋದ ಮೇಲೆ ಅವಳ ನಗು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಆಮೇಲೆ ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಅಕ್ಕಾ, ಆಕಿ ಗಾಳಿಗಿ ತಲಿ ಎತ್ತಾಕತ್ತಿಲ್ಲ. ಎದುರಿಗಿ ನೀವು ಅದೀರೋ ಇಲ್ಲೋ ನೋಡಾಕ ಎತ್ತಾಕತ್ತಾಳ. ತಲಿ ಎತ್ತಿದ್ರ ಕಾಲು ಕೆಳಗ ಹೋಗತಾವ, ದಮ್ ಹತ್ತತದ.”

ನಾನು ಎದ್ದು ಗೇಟಿನ ಹೊರಗೆ ಹೋಗಿ ಕುಳಿತೆ. ನಾನು ಕಾಣದಾದ ಮೇಲೆ ಅವಳು ಕಂಬಿ ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಕೊನೆಗೆ ಮೇಡಂ ನನ್ನನ್ನು ಕರೆಸಿ ಬಲಗಡೆಯ ಅಂಚಿನಲ್ಲಿ, ಅವಳ ಸರಿಸಮನಾಗಿ ನಡೆಯಲು ಹೇಳಿದರು. ನಡೆದೆ. ಅವಳು ಹೊರಳಿದಾಗ ಈಜುವ ಕನ್ನಡಕದೊಳಗಿಂದ ಒಂದು ಕಣ್ಣು ನನ್ನನ್ನು ನೋಡಿತು, ಮತ್ತೆ ಕೆಳಗೆ ಹೋಯಿತು. ತಲೆ ಎತ್ತಲಿಲ್ಲ. ಆ ತುದಿಯವರೆಗೆ ನಿಲ್ಲದೆ ಹೋದಳು. ಮೇಲೆ ಬಂದವಳೇ, “ಅವ್ವಾ, ನೀ ಯಾಕ ಕುಂಟಾಕತ್ತಿದ್ದಿ?” ಎಂದಳು. ಕಾಲಿಗೆ ಕೂಳೆ ಚುಚ್ಚಿದ್ದು ಅವಳಿಗೆ ನೀರೊಳಗಿಂದ ಕಂಡಿದೆ.

ಈಗ ಎಡಕ್ಕೂ ಹೊರಳಿ ಉಸಿರಾಡಲು ಕಲಿಸುತ್ತಿದ್ದಾರೆ. ಎಡಕ್ಕೆ ಹೊರಳಿದರೆ ಖಾಲಿ ಅಂಚು, ಅದರಾಚೆ ಬರೀ ಗೋಡೆ. ಗಾಬರಿಯಾಗಿ ತಲೆ ಎತ್ತುತ್ತಾಳೆ, ನೀರು ಕುಡಿಯುತ್ತಾಳೆ. “ಆ ಕಡಿ ಯಾರದಾರಂತ ಹೊಳ್ಳಲಿ?” ಎಂದು ಕೇಳಿದಳು. ಬಸ್ಸಿನಲ್ಲಿ ಬರುವಾಗಲೂ ಕೇಳಿದಳು. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡೆ.

ನಿಲ್ಲಿಸಲೇಬೇಕೆಂದರೆ ನೀವೇ ಬಂದು ನಿಲ್ಲಿಸಿರಿ, ಉತ್ತಮನ ಬಾಯಿಂದ ಬೇಡ. ಐತವಾರ ಬೆಳಿಗ್ಗೆ ನಮ್ಮ ಬಸ್ಸು ಹುಮನಾಬಾದಿನ ಸ್ಟ್ಯಾಂಡಿನಲ್ಲಿ ನಿಂತಾಗ ಹತ್ತಿರಿ. ಕೊಳದ ಎಡಗಡೆ ಒಂದು ಸಲ ನಿಂತುಕೊಳ್ಳಿರಿ. ನೀರನ್ನು ನೋಡಲಾಗದಿದ್ದರೆ ಬಿಡಿರಿ, ಅವಳ ಮುಖ ನೋಡಿರಿ. ನೋಡಿದ ಮೇಲೂ ಬೇಡವೆಂದರೆ ನಾನು ಎದುರು ಮಾತಾಡುವುದಿಲ್ಲ. ಜಗಳಾಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ.

ಕೈ ಸೋತಿತು. ಇಲ್ಲಿಗೆ ಬಿಡುತ್ತೇನೆ.

ಪ್ರಣಿತಾ ಮತ್ತು ಶೈಲೇಶನ ಅವ್ವ,
ಸುಗಂಧಾ

ತಾ.ಕ.: ತಲೆ ಎತ್ತಿ ಈಜಿದರೆ ಬೇಗ ದಣಿವು ಎಂದು ಮೇಡಂ ಹೇಳಿದ ದಿನ ನನಗೆ ಮೊದಲು ನೆನಪಾದದ್ದು ನೀವು. ನೀವು ಮಗನಿಗೆ ಕಲಿಸಿದ್ದು ಹಾಗೆಯೇ. ನಮ್ಮ ಬಾವಿಗಳಲ್ಲಿ ಎಲ್ಲರೂ ಈಜುವುದೂ ಹಾಗೆಯೇ. ಪ್ರಣಿತಾ ಬಟ್ಟೆ ಬದಲಿಸಲು ಹೋದಾಗ ಮೇಡಮ್ಮಿಗೆ ಕೇಳಿದೆ, ಅದರಿಂದಲೇ ನಮ್ಮ ಹುಡುಗ ಹೋದನೇ ಎಂದು. “ಅವತ್ತು ಏನಾತು ಅಂತ ಯಾರೂ ನೋಡಿಲ್ಲಕ್ಕಾ. ಈಜು ಕಲಿಸಿದ ತಂದಿ ಮ್ಯಾಲ ಅದನ್ನ ಹೊರಸಬ್ಯಾಡ್ರಿ” ಎಂದರು. ಎರಡು ವರ್ಷದಿಂದ ನೀವು ಖೋಲಿಯಲ್ಲಿ ಒಬ್ಬರೇ ಇದನ್ನು ಕೇಳಿಕೊಳ್ಳುತ್ತಿದ್ದೀರಿ ಎಂದು ನನಗೆ ಗೊತ್ತು. ಮೇಡಂ ಹೌದೆಂದಿದ್ದರೂ ನಾನು ನಿಮ್ಮನ್ನು ಐತವಾರ ಕರೆದೇ ಕರೆಯುತ್ತಿದ್ದೆ.